ಕಲ್ಲುಬಾನಿಗೆ ತಂದ ಹೊಳೆಯ ಬೇರು

ಆ ದಿನ ಬೆಳಿಗ್ಗೆ ನಾನು ಹೊಲಕ್ಕೆ ಎತ್ತು ಬಿಚ್ಚುತ್ತಿದ್ದೆ. ನನ್ನ ಹೆಂಡತಿ ಹಿತ್ತಲಿನ ಕಲ್ಲುಬಾನಿಯ ಪಕ್ಕದಲ್ಲಿ ಕುಳಿತಿದ್ದಳು. ಒಂದು ಕಾಲಕ್ಕೆ ದನಗಳು ನೀರು ಕುಡಿಯುತ್ತಿದ್ದ ಬಾನಿ ಅದು. ಸೊಳ್ಳೆಮರಿ ತಿನ್ನಲೆಂದು ಅವಳು ಹೊಳೆಯಿಂದ ಬೆರಳುದ್ದದ ಮೀನು ತಂದು ಬಿಟ್ಟಿದ್ದಳು. ಆಮೇಲೆ ಸೊಳ್ಳೆಯ ಮಾತು ಹಿಂದಾಗಿ, ಮೀನಿನ ಮೇಲೇ ಅಕ್ಕರೆ ಬೆಳೆಯಿತು. ಹಿಂದಿನ ದಿನ ಒಂದನ್ನು ಮಿಂಚುಳ್ಳಿ ಎತ್ತಿಕೊಂಡು ಹೋಗಿತ್ತು.

“ಹೊಳೇಲಿ ತೇಲಿಬಂದ ಬೇರು ಸಿಕ್ರೆ ತರ್ರಿ ಅಂತ ಎಷ್ಟು ಸಲ ಹೇಳ್ಲಿ? ಅಡಗಿಕೊಳ್ಳಾಕೆ ಒಂದು ಮರೆ ಇಲ್ಲ ಅವುಕ್ಕೆ.”

“ಮೀನಿಗೂ ಮನೆ ಕಟ್ಸಬೇಕೇನೇ?”

“ನಿಮಗೆ ಚಪ್ಪರ ಬೇಕು, ಅವುಕ್ಕೆ ಬ್ಯಾಡ್ವಾ?”

ನಾಳೆ ತರುತ್ತೇನೆ ಎಂದು ಹೊರಟೆ. ಸಂಜೆ ಬಂದಾಗ ಮೈ ಬಿಸಿಯೆಂದು ಮಲಗಿದ್ದಳು. ಗಾಡಿ ಕಟ್ಟಿ ವೈದ್ಯರನ್ನು ಕರೆತಂದೆ. ಐದನೆಯ ದಿನ ತೀರಿಕೊಂಡಳು.

ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟರು. ಅವಳ ತಾಯಿ ಮಾತ್ರ ತಮ್ಮೂರು ಐಮಂಗಲಕ್ಕೆ ಹಿಂದಿರುಗದೆ ನನಗೆ ರೊಟ್ಟಿ ಬಡಿದು ಹಾಕುತ್ತ ಉಳಿದರು. ಒಂದು ದಿನ ನಾನೇ ವೇದಾವತಿ ಹೊಳೆಗೆ ಹೋದೆ. ಮರಳಿನಲ್ಲಿ ಕವಲು ಕವಲಾದ ಒಂದು ಬೇರು ಹೂತಿತ್ತು. ಎಳೆದರೆ ಬರಲಿಲ್ಲ. ಕುರಿಗಳಿಗೆ ನೀರು ಕುಡಿಸುತ್ತಿದ್ದ ಕುರುಬರ ಹಿರಿಯ ಬಂದು ಕೈಹಾಕಿದ.

“ಒಲೆಗೇನ್ರಿ ಗೌಡ್ರೆ?”

“ಅಲ್ಲ, ಮೀನಿಗೆ.”

“ಅಯ್ಯೋ ಶಿವನೇ! ಲಿಂಗ ಕಟ್ಟಿದೋರು ಯಾವಾಗಿಂದ ಮೀನು ಬೇಯ್ಸಾಕೆ ಹತ್ತಿದ್ರಿ?”

ನನಗೆ ನಗು ಬಂತು. ಅವಳು ಹೋದ ಮೇಲೆ ನಕ್ಕದ್ದು ಅದೇ ಮೊದಲು. ಸಂಗತಿ ಹೇಳಿದೆ. ಅವನು ನನ್ನ ಜೊತೆ ಸೇರಿ ಬೇರನ್ನು ಮರಳಿನಿಂದ ಕಿತ್ತ. ದಪ್ಪ ತುದಿಯನ್ನು ತನ್ನ ಹೆಗಲಿಗೆ ಏರಿಸಿಕೊಂಡು ಮನೆವರೆಗೂ ಬಂದ.

ನಮ್ಮಲ್ಲಿ ನೊಗವಾಗಲಿ ನೇಗಿಲಾಗಲಿ, ಮನೆಗೆ ಹೊಸ ಮರ ಬಂತೆಂದರೆ ಮೊದಲು ಹೊಂಗೆ ಎಣ್ಣೆ ತಿಕ್ಕುತ್ತೇವೆ. ಸೀಳುಬಿಡುವುದಿಲ್ಲ, ಹುಳ ಹತ್ತುವುದಿಲ್ಲ. ನಾನೂ ತಿಕ್ಕಿದೆ. ಇಷ್ಟು ತಡಮಾಡಿದವನು ಕೆಲಸವನ್ನಾದರೂ ಚೆನ್ನಾಗಿ ಮಾಡಬೇಕೆಂದು ಎರಡು ಸಲ ತಿಕ್ಕಿದೆ. ಮರುದಿನ ತೇಲದಂತೆ ಕಲ್ಲು ಕಟ್ಟಿ ಬಾನಿಯೊಳಗೆ ಇಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಆಗಲೇ ಮಗುಚಿದ್ದವು. ನಾನು ಕೂಗಿದೆ. ಅತ್ತೆ ಓಡಿಬಂದು ಬೆರಳು ಅದ್ದಿ ಮೂಸಿದರು.

“ಏನಪ್ಪ ಹಚ್ಚಿದ್ರಿ ಇದಕ್ಕೆ?”

“ಹೊಂಗೆ ಎಣ್ಣೆ.”

“ನೊಗಕ್ಕೆ ಹಚ್ಚಿದಂಗೆ ಹಚ್ಚಿದ್ರಾ! ನೀರಾಗೇ ಬಿದ್ದಿದ್ದ ಮರಕ್ಕೆ ಎಣ್ಣೆ ಯಾಕ್ರಿ?”

“ಅವಳು ಸಾಕಿದ್ದು ಅತ್ತೆ. ನನ್ನ ಕೈಯಾಗೆ ಸಾಯ್ತಾ ಅವೆ.”

“ಮೊದ್ಲು ನೀರು ಸೇದ್ರಿ. ಅಳಾದು ಆಮೇಲೆ.”

ಬಾವಿಯಿಂದ ಸೇದಿ ಸೇದಿ ಎರಡು ಮಣ್ಣಿನ ಗಡಿಗೆ ತುಂಬಿಸಿದೆ. ಅವರು ಹಳೆಯ ಸೀರೆಯ ತುಂಡಿನಲ್ಲಿ ಒಂದೊಂದೇ ಮೀನನ್ನು ಎತ್ತಿ ಗಡಿಗೆಗೆ ಬಿಟ್ಟರು. ಎಂಟು ಉಳಿದವು.

ಬಾನಿಯನ್ನು ಬೂದಿ ಹಾಕಿ ಉಜ್ಜಿದೆ. ಬೇರಿನ ಮೇಲೆ ಕುದಿಯುವ ನೀರು ಸುರಿದು, ಬೂದಿ ಮತ್ತು ತೆಂಗಿನ ನಾರಿನಲ್ಲಿ ಸಂದುಸಂದೂ ತಿಕ್ಕಿ, ದನದ ತೊಟ್ಟಿಯಲ್ಲಿ ಬೇರೆಯಾಗಿ ನೆನೆಹಾಕಿದೆ. ದನಗಳಿಗೆ ಅಷ್ಟು ದಿನವೂ ಹೊಳೆಯಲ್ಲೇ ನೀರು. ತೊಟ್ಟಿಯ ನೀರು ಬೆಳಗಾದರೆ ಕಷಾಯದ ಬಣ್ಣಕ್ಕೆ ತಿರುಗಿರುತ್ತಿತ್ತು. ಚೆಲ್ಲಿ ಹೊಸದು ತುಂಬುತ್ತಿದ್ದೆ. ಅತ್ತೆ ದಿನಾ ಬಂದು ಮೂಸಿ, “ಇನ್ನೂ ಬಿಡ್ತಾ ಐತೆ,” ಎನ್ನುತ್ತಿದ್ದರು. ಐಮಂಗಲದಿಂದ ಅವರನ್ನು ಕರೆದೊಯ್ಯಲು ಗಾಡಿ ಎರಡು ಸಲ ಬಂತು. ಎರಡು ಸಲವೂ ಬರಿದೇ ಕಳಿಸಿದರು.

ಒಂದು ತಿಂಗಳ ಮೇಲೆ ನೀರು ತಿಳಿಯಾಯಿತು. ಬೇರನ್ನು ಬಾನಿಗೆ ಇಳಿಸಿ, ಮೊದಲು ಒಂದೇ ಮೀನನ್ನು ಬಿಟ್ಟೆವು. ಸಂಜೆವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದೆವು. ಅದು ಆರಾಮವಾಗಿತ್ತು. ಮರುದಿನ ಉಳಿದ ಏಳನ್ನೂ ಬಿಟ್ಟೆ. ಸ್ವಲ್ಪ ಹೊತ್ತು ಗೋಡೆಗುಂಟ ಸುತ್ತಿ, ಆಮೇಲೆ ಒಂದರ ಹಿಂದೆ ಒಂದು ಕವಲಿನ ಅಡಿಗೆ ಹೋದವು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಇನ್ನು ಗಾಡಿಗೆ ಹೇಳಿ ಕಳಿಸ್ರಪ್ಪ,” ಎಂದರು.

ಬೇರು ಈಗಲೂ ಬಾನಿಯಲ್ಲಿದೆ. ಬಿಸಿಲೇರಿದಾಗ ಮೀನುಗಳು ಅದರ ಕೆಳಗಿರುತ್ತವೆ. ಅವು ಅಲ್ಲಿರುವುದನ್ನು ಅವಳು ನೋಡಲಿಲ್ಲ.