ಕೆಂಪು ಪೆನ್ಸಿಲ್ಲಿನ ಸ್ಪ್ಯಾನಿಷ್

ನನ್ನ ಮಗಳು ಸ್ಪ್ಯಾನಿಷ್ ಕಲಿತದ್ದು ವಿಶಾಖಪಟ್ಟಣದಲ್ಲಿ. ಆ ಪಾಠ ಒಪ್ಪಿಸಿಕೊಂಡವನು ವಿಜಯವಾಡದಲ್ಲಿದ್ದ ನಾನು. ಪಿಯುಸಿಯಾಚೆ ಓದದ, ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ ನಾನು. ಆ ಭಾಷೆಯನ್ನು ಎಲ್ಲೆಲ್ಲಿ ಆಡುತ್ತಾರೆಂಬುದೂ ನನಗೆ ಗೊತ್ತಿರಲಿಲ್ಲ.

ನಾವು ಹೊಸಪೇಟೆ ಕಡೆಯವರು. ಅವಳು ಮೂರು ವರ್ಷದವಳಿದ್ದಾಗ ವಿಜಯವಾಡಕ್ಕೆ ಬಂದು ಗವರ್ನರ್‌ಪೇಟೆಯ ಹಿಂದಿನ ಬೀದಿಯಲ್ಲಿ ಮನೆ ಹಿಡಿದೆವು. ಅವಳ ಶಾಲೆ, ಗೆಳತಿಯರು, ಜಗಳ ಎಲ್ಲ ತೆಲುಗಿನಲ್ಲಿ. ಕನ್ನಡ ಊಟಕ್ಕೆ ಕೂತಾಗ ಮಾತ್ರ. ಡಿಗ್ರಿ ಮುಗಿಸಿ ವಿಶಾಖಪಟ್ಟಣದ ಅಂಚಿನ ದುವ್ವಾಡದ ಒಂದು ಔಷಧಿ ಕಂಪನಿಗೆ ಸೇರಿ, ಪೆಂಡುರ್ತಿಯಲ್ಲಿ ಕೋಣೆ ಮಾಡಿಕೊಂಡಳು. ಮಾತ್ರೆಯ ಡಬ್ಬಿಗಳ ಮೇಲೆ ಲೇಬಲ್ ಸರಿ ಕೂತಿದೆಯೇ ಎಂದು ನೋಡುವ ಕೆಲಸ. ದಿನವಿಡೀ ನಿಂತಿರಬೇಕು. ಅವರ ಮಾಲು ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗುತ್ತಿತ್ತು. ಅಲ್ಲಿಂದ ಬಂದ ಪತ್ರಗಳನ್ನು ಓದಬಲ್ಲವರಿಗೆ ಮಹಡಿಯ ಮೇಲೆ ಕುರ್ಚಿ, ಮೇಜು. ಅದಕ್ಕೊಂದು ಸಣ್ಣ ಪರೀಕ್ಷೆ ಇತ್ತು. ಆ ಕುರ್ಚಿ ಅವಳಿಗೆ ಬೇಕಾಗಿತ್ತು.

ಹಡಗುಗಳಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ಭಾನುವಾರ ತಮ್ಮ ವರಾಂಡದಲ್ಲಿ ಪಾಠ ಹೇಳುತ್ತಿದ್ದರು. ಮೊದಲ ಪಾಠವಾದ ಸಂಜೆಯೇ ಅವಳು ಫೋನ್ ಮಾಡಿದಳು.

"ಅಪ್ಪಾ, ನಮ್ಮಂಗನ ಐತಿ ಇದು. ಮಾತಾಡ್ತೀನಿ, ಮಾತಾಡ್ತೀ, ಮಾತಾಡ್ತಾನ ಅಂತೀವಲ್ಲ, ಹಂಗ ಬಾಲ ಒಂದು ಬದಲು ಮಾಡೋದು. ಆಬ್ಲೊ, ಆಬ್ಲಾಸ್, ಆಬ್ಲಾ."

"ಮುಂದ?"

"ಆಬ್ಲಾಮೋಸ್, ನಾವು. ಆಬ್ಲಾನ್, ಅವರು. 'ನೀವೆಲ್ಲಾ' ಅನ್ನಾಕ ಇನ್ನೊಂದು ಐತಂತ, ನಮ್ಮ ಗಿರಾಕಿ ದೇಶದಾಗ ಅದನ್ನ ಯಾರೂ ಆಡಂಗಿಲ್ಲ, ಬಿಡು ಅಂದ್ರು ಮಾಸ್ಟಾರು."

ಕ್ರಿಯಾಪದಗಳಲ್ಲಿ ಮೂರು ಜಾತಿ ಎಂದಳು: ಆರ್, ಎರ್, ಇರ್ ಎಂದು ಮುಗಿಯುವಂಥವು. ಮಾತಾಡುವುದು ಒಂದು ಜಾತಿ, ತಿನ್ನುವುದು ಇನ್ನೊಂದು, ಬದುಕುವುದು ಮೂರನೆಯದು. ಜಾತಿಗೊಂದು ಮಾದರಿ ಕಲಿತರೆ ನೂರಾರು ಪದಗಳು ತಾವಾಗಿ ಬರುತ್ತವಂತೆ. ಅವಳು ಹೇಳಿದ್ದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಅವಳ ನೋಟ್‌ಬುಕ್ಕಿನಲ್ಲಿ ಅದೇ ಪದಗಳು ತೆಲುಗು ಅಕ್ಷರದಲ್ಲಿದ್ದವು.

ಅಂದಿನಿಂದ ದಿನಾ ಸಂಜೆ ನಾನು ಪ್ರಶ್ನೆ ಕೂಗುತ್ತಿದ್ದೆ, ಅವಳು ಉತ್ತರಿಸುತ್ತಿದ್ದಳು. ನನಗೆ ಗೊತ್ತಿದ್ದ ಕಲಿಸುವ ವಿಧಾನ ಪಾರ್ಸೆಲ್ ಆಫೀಸಿನದೇ. ಅಲ್ಲಿ ಒಬ್ಬ ಪಟ್ಟಿ ನೋಡಿ ನಂಬರು ಕೂಗುತ್ತಾನೆ. ಇನ್ನೊಬ್ಬ ಗಂಟನ್ನು ಕಣ್ಣಾರೆ ಕಂಡು ಅದೇ ಪಟ್ಟಿಯ ಪ್ರತಿಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಟಿಕ್ ಹಾಕುತ್ತಾನೆ. ಕಾಣದ ಗಂಟಿಗೆ ಟಿಕ್ ಇಲ್ಲ. ಸೇಟು ಬಂದು ಅತ್ತರೂ ಇಲ್ಲ. ಮಗಳ ಮೂರು ಪದ, ಒಂದೊಂದಕ್ಕೆ ಐದು ರೂಪ, ಒಟ್ಟು ಹದಿನೈದು ಸಾಲಿಗೂ ಅದೇ ಕಾನೂನು. ತಪ್ಪಿದರೆ ಆ ಸಾಲು ಖಾಲಿ.

"ಅರ್ಧ ಟಿಕ್ಕಾದ್ರೂ ಹಾಕಪ್ಪಾ, ಪ್ಲೀಸ್."

"ಗಂಟು ಅರ್ಧ ಬರ್ತದೇನವ್ವಾ?"

ಹೆಂಡತಿ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು: "ಅಪ್ಪ ಮಗಳು ಯಾರಿಗೆ ಮಾಟ ಮಾಡ್ಸಾಕತ್ತೀರಿ ಅಂತ ಬಾಜೂ ಮನಿಯಾಕಿ ಕೇಳ್ತಾಳ್ರೀ."

ತಿಂಗಳೊಪ್ಪತ್ತಿನಲ್ಲಿ ಹದಿನೈದಕ್ಕೆ ಹದಿನೈದು ಬರತೊಡಗಿದವು. ಆಮೇಲೆ ಒಂದು ವಾರ ಹದಿಮೂರು, ಹನ್ನೊಂದು. ಕೆಲಸದ ದಣಿವು ಎಂದಳು. ತಲೆನೋವು ಎಂದಳು. ಒಂದು ದಿನ ಡಬ್ಬಿಗಳ ಮುಂದೆ ನಿಂತಲ್ಲೇ ಬಿದ್ದಳೆಂದು ಕಂಪನಿಯಿಂದ ಫೋನ್ ಬಂತು.

ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ತಲೆಯೊಳಗಿನ ಗೆಡ್ಡೆಗೆ ಆಪರೇಷನ್ ಆಯಿತು. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದರು: ಗೆಡ್ಡೆಯನ್ನು ಪೂರ್ತಿ ತೆಗೆಯಲಾಗಲಿಲ್ಲ, ಮತ್ತೆ ಬೆಳೆಯುತ್ತದೆ, ಉಳಿದಿರುವುದು ಕೆಲವೇ ತಿಂಗಳು. ಅವರು ಹೋದ ಮೇಲೆ ಹೆಂಡತಿ ಮೊದಲು ಆಡಿದ ಮಾತು, "ಆಕಿಗೆ ಹೇಳಬ್ಯಾಡ್ರಿ." ನಾನು ಒಪ್ಪಿದೆ. ಗೆಡ್ಡೆ ಪೂರ್ತಿ ತೆಗೆದಿದ್ದಾರೆ, ನಿಧಾನವಾಗಿ ಎಲ್ಲ ಸರಿಹೋಗುತ್ತದೆ ಎಂದು ಅವಳಿಗೆ ಹೇಳಿದೆವು.

ರಜೆ ಹಾಕಿ ಪೆಂಡುರ್ತಿಯ ಅವಳ ಕೋಣೆಯಲ್ಲೇ ಮೂವರೂ ಇದ್ದೆವು. ಕೂತುಕೊಳ್ಳುವಷ್ಟು ಶಕ್ತಿ ಬಂದ ಕೂಡಲೇ ಅವಳು ಕೇಳಿದ್ದು ಪರೀಕ್ಷೆಯ ವಿಷಯ. ಅದಕ್ಕೆ ಇನ್ನೂ ಎರಡು ತಿಂಗಳಿತ್ತು.

"ನೋಟ್‌ಬುಕ್ ತಂದೀಯಲ್ಲಪ್ಪಾ? ಕೂಗು."

ಮಧ್ಯಾಹ್ನದ ಊಟವಾದ ಮೇಲೆ ಕೂಗುತ್ತಿದ್ದೆ. ಮಾತಾಡು, ನಾನು. ತಿನ್ನು, ನಾವು. ಅವಳು ಕಿಟಕಿ ನೋಡುತ್ತಾ ಹುಡುಕುತ್ತಿದ್ದಳು. ಹತ್ತು ಬಂದವು. ಮರುವಾರ ಏಳು. ಆ ಏಳರ ದಿನ ಅವಳು ಮುಖವೆತ್ತಿ ನನ್ನ ಪೆನ್ಸಿಲ್ಲನ್ನೇ ನೋಡುತ್ತಿದ್ದಳು. ನನ್ನ ಕೈ ಎಂಟನೆಯದಕ್ಕೂ ಟಿಕ್ ಹಾಕಿತು. ಒಂಬತ್ತನೆಯದಕ್ಕೂ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಹಾಗೆ ಮಾಡಿರಲಿಲ್ಲ. ಮರುದಿನದಿಂದ ಅವಳು ಏನು ಹೇಳಿದರೂ, ಹೇಳದಿದ್ದರೂ, ಹದಿನೈದಕ್ಕೂ ಟಿಕ್. "ಎಲ್ಲಾ ಬಂದಾವವ್ವಾ" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು.

ಹೀಗೆ ಎಂಟು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಎಳನೀರು ತರಲು ಹೋಗಿ ಬಂದೆ. ನೋಟ್‌ಬುಕ್ಕು ಅವಳ ತೊಡೆಯ ಮೇಲಿತ್ತು.

"ಇದು ನಿನ್ನೆ ದಿನದ ಪುಟ ಹೌದಲ್ಲಪ್ಪಾ?"

"ಹೌದು."

"ನಿನ್ನೆ ನಂಗ ನಾಕೇ ಬಂದದ್ದು. ಬೆರಳು ಮಡಚಿ ಎಣಿಸೀನಿ."

ನಾನು ಎಳನೀರನ್ನು ಲೋಟಕ್ಕೆ ಬಗ್ಗಿಸಿದೆ. ಅರ್ಧ ನೆಲಕ್ಕೆ ಚೆಲ್ಲಿತು.

"ಕಾಣದ ಗಂಟಿಗೆ ಟಿಕ್ ಹಾಕಾವಲ್ಲ ನೀ," ಎಂದಳು. ಪದ ಹುಡುಕಿ ಹುಡುಕಿ ಆಡುತ್ತಿದ್ದಳು. "ಡಾಕ್ಟರು ಏನಂದ್ರು?"

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದವನು ಬಗ್ಗಿ ನೆಲ ಒರೆಸತೊಡಗಿದೆ. ಅವಳಿಗೆ ಅಷ್ಟೇ ಸಾಕಾಯಿತು. ಅಳಲಿಲ್ಲ. "ರಬ್ಬರ್ ತಗೊಂಡು ಬಾ" ಎಂದಳು. ಕೆಂಪು ಪೆನ್ಸಿಲ್ಲು ರಬ್ಬರಿಗೆ ಹೋಗುವುದಿಲ್ಲ, ಬಳಿದುಕೊಳ್ಳುತ್ತದೆ. ಆದರೂ ಆ ಎಂಟು ದಿನದ ಪುಟಗಳನ್ನೆಲ್ಲ ಅವಳೆದುರು ಉಜ್ಜಿದೆ.

ಹೆಂಡತಿ ಅಂದು ಸಂಜೆ ನಲ್ಲಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. "ಒಂದು ಪೆನ್ಸಿಲ್ ಹಿಡಕೊಂಡು ಎಲ್ಲಾ ಹೇಳಿಬಿಟ್ರಿ ನೀವು." ಆ ಮಾತನ್ನು ಅವಳು ಮತ್ತೆ ಎಂದೂ ಆಡಿಲ್ಲ, ಹಿಂತೆಗೆದುಕೊಂಡೂ ಇಲ್ಲ.

ಮಗಳು ಪಾಠ ನಿಲ್ಲಿಸಗೊಡಲಿಲ್ಲ. ಪರೀಕ್ಷೆಯ ಮಾತು ಮಾತ್ರ ಬಿಟ್ಟಳು. ನಾನು ಕೂಗುತ್ತಿದ್ದೆ, ಬಂದದ್ದಕ್ಕೆ ಟಿಕ್, ಬರದ ಸಾಲು ಖಾಲಿ. ಮೂರು. ಎರಡು. ಒಂದು ದಿನ 'ಆಬ್ಲೊ' ಒಂದೇ. ಆಮೇಲೆ ನಾನು ಹದಿನೈದನ್ನೂ ಕೂಗಿ ಮುಗಿಸುವವರೆಗೆ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಅಷ್ಟೇ. ಅಂಥ ಹನ್ನೊಂದು ಪುಟಗಳಿವೆ. ಪರೀಕ್ಷೆಯ ದಿನ ಬರುವ ಮೊದಲೇ ಅವಳು ಹೋದಳು.

ವಿಜಯವಾಡಕ್ಕೆ ಮರಳಿ ಕೆಲಸಕ್ಕೆ ಹೋದ ಮೊದಲ ದಿನ ಗವರ್ನರ್‌ಪೇಟೆಯ ಅಂಗಡಿಗಳ ಬಟ್ಟೆ ಗಂಟುಗಳು ಪ್ಲಾಟ್‌ಫಾರಂ ತುಂಬ ಬಿದ್ದಿದ್ದವು. ಜೊತೆಯವ ಎಂದಿನಂತೆ ಪಟ್ಟಿ ತಾನಿಟ್ಟುಕೊಂಡು ಪ್ರತಿಯನ್ನೂ ಪೆನ್ಸಿಲ್ಲನ್ನೂ ನನ್ನತ್ತ ಚಾಚಿದ.

"ಟಿಕ್ ನೀನೇ ಹಾಕು. ನಾ ಕೂಗ್ತೀನಿ," ಎಂದೆ.

"ಏಂ ಸಾರ್, ಪೆನ್ಸಿಲ್ ಬರುವೈಪೋಯಿಂದಾ?" ಪೆನ್ಸಿಲ್ಲು ಅಷ್ಟು ಭಾರವಾಯಿತೇ ಎಂದು ಛೇಡಿಸಿದ. ನಗುವಿನ ನಡುವೆಯೇ ಅವನಿಗೆ ನನ್ನ ಮಗಳ ವಿಷಯ ನೆನಪಾಗಿರಬೇಕು. ಪಟ್ಟಿಯನ್ನು ನನಗೆ ಕೊಟ್ಟು ಪೆನ್ಸಿಲ್ಲು ತಾನಿಟ್ಟುಕೊಂಡ.

ನಾನು ಮೊದಲ ನಂಬರು ಕೂಗಿದೆ. ಆಮೇಲಿನ ನೌಕರಿಯೆಲ್ಲ ಕೂಗುವುದೇ ಆಯಿತು.