ಕಮಲಾಪುರಕ್ಕೆ ಒಂದು ಗೋಲಿಗಾಗಿ

ಬೆಳಿಗ್ಗೆ ಎಂಟಕ್ಕೆ ಕಲಬುರಗಿ ಬಸ್ ನಿಲ್ದಾಣದಿಂದ ಹೊರಟಾಗ ನಾವು ಹನ್ನೊಂದು ಮಂದಿ ಆಟಗಾರರು, ಒಂದು ಚೆಂಡು, ಮತ್ತು ನಮ್ಮಪ್ಪ. ಆ ವರ್ಷ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಆಡಿದ ಆರೂ ಪಂದ್ಯ ಸೋತಿತ್ತು. ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಉಳಿದದ್ದು ಕಮಲಾಪುರದ ತಂಡದೊಂದಿಗಿನ ಕೊನೆಯ ಪಂದ್ಯ. ಪ್ರಿನ್ಸಿಪಾಲರು ಕರೆಸಿ ಹೇಳಿದ್ದರು: "ಕಮಲಾಪುರದಾಗ ಒಂದರೆ ಗೋಲ್ ಹೊಡ್ಕೊಂಡ್ ಬರ್ರಿ, ಮುಂದಿನ ವರ್ಷನೂ ಟೀಮ್ ಇರ್ತದ. ಇಲ್ಲಂದ್ರ ಬೂಟ್ ತಂದು ಸ್ಟೋರ್ ರೂಮಿಗಿ ಕೊಡ್ರಿ."

ನಾನು ಗೋಲ್‌ಕೀಪರ್, ಆಗ ಬಿ.ಎ. ಕೊನೆಯ ವರ್ಷ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನೇ; ಹೇಳಿಕೊಳ್ಳಲು ಸಂಕೋಚವಿಲ್ಲ. ಅಪ್ಪ ಕಾಳುಕಡಿಯ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ ಹಮಾಲ. ನಾನೂ ಮೂರು ವರ್ಷ ಬೆಳಿಗ್ಗೆ ಅವನ ಜೊತೆ ಚೀಲ ಹೊತ್ತು, ಮೈಮೇಲಿನ ಧೂಳು ಝಾಡಿಸಿಕೊಂಡು ಕ್ಲಾಸಿಗೆ ಹೋದವನು. ತೊಗರಿ ಸುಗ್ಗಿಯ ನಡುವೆ ರಜೆ ಹಾಕಿ ಅಪ್ಪ ನನ್ನ ಆಟ ನೋಡಲು ಬಂದದ್ದು ಅದೇ ಮೊದಲು.

ಟಿಕೆಟ್ ಐವತ್ತು ರೂಪಾಯಿ, ದಾರಿ ಒಂದು ತಾಸು. ಚಳಿಗೆ ಕಿಟಕಿ ಮುಚ್ಚಿದ್ದೆವು. ನಮ್ಮ ಫಾರ್ವರ್ಡ್ ಇರ್ಫಾನ್ ರೊಟ್ಟಿ, ಶೇಂಗಾ ಹಿಂಡಿ ಹಂಚಿದ. ಕಂಡಕ್ಟರ್ ಚೆಂಡು ನೋಡಿ, "ಗೆಲ್ಲಾಕ ಹೊಂಟೀರೇನ್ರಿ?" ಎಂದು ಕೇಳಿದ.

"ಗೆಲ್ಲಾಕಲ್ರಿ, ಒಂದ್ ಗೋಲಿಗಿ ಹೊಂಟೀವಿ," ಅಂದ ಇರ್ಫಾನ್.

"ಒಂದಕ್ಕ ಹನ್ನೊಂದ್ ಮಂದಿ ಬೇಕೇನ್ರಿ?"

ಕಮಲಾಪುರದಲ್ಲಿ ಇಳಿದು ಮಂಡಕ್ಕಿಯ ಬಿಸಿ ಸುಸಲಾ, ಮಿರ್ಚಿ ಬಜ್ಜಿ ತಿಂದು ಮೈದಾನಕ್ಕೆ ನಡೆದೆವು. ಅದರ ಆಚೆಗೆ ಬಾಳೆಯ ತೋಟ. ಅಪ್ಪ ನನ್ನ ಗೋಲುಕಂಬದ ಹಿಂದೆ ಟವೆಲ್ ಹಾಸಿ ಕೂತ. ಗಂಜ್‌ನಲ್ಲಿ ಲಾರಿ ಇಳಿಸುವಾಗ ಚೀಲ ಎಣಿಸುವವನು ಗೋದಾಮಿನ ಬಾಗಿಲು ಬಿಟ್ಟು ಕದಲುವುದಿಲ್ಲ. ಪ್ರತಿ ಲಾರಿಗೂ ಲೆಕ್ಕ ಹೊಸದು; ಅದರ ಮೊದಲ ಚೀಲಕ್ಕೆ 'ಒಂದು' ಅನ್ನುವುದೂ ಇಲ್ಲ, 'ಲಾಭ' ಅನ್ನುತ್ತಾರೆ. ಮೊದಲ ಚೆಂಡು ನನ್ನನ್ನು ದಾಟಿ ಒಳಗೆ ಬಿದ್ದಾಗ ಹಿಂದಿನಿಂದ ಅದೇ ಗಂಜಿನ ದನಿ ಕೇಳಿಸಿತು: "ಲಾಭ."

ಊರವರು ನಕ್ಕರು. "ಯಪ್ಪಾ, ಸುಮ್ಕಿರು," ಅಂದೆ.

"ಎಣಿಸಾಂವ ಸುಮ್ಕಿದ್ರ ಲೆಕ್ಕ ತಪ್ತದಲೇ."

ಅರ್ಧ ಆಟ ಮುಗಿಯುವಷ್ಟರಲ್ಲಿ ಅಪ್ಪನ ಲೆಕ್ಕ ನಾಲ್ಕಕ್ಕೆ ಬಂದಿತ್ತು. ಎರಡೂ ತಂಡದವರು ಬದಿ ಬದಲಿಸಿದೆವು. ನನ್ನ ಜೊತೆ ಆಚೆ ಬದಿಗೆ ಬಾ ಎಂದು ಅಪ್ಪನನ್ನು ಕರೆದೆ. "ಬಾಗಲಾ ಬಿಟ್ಟು ಬರಾಂಗಿಲ್ಲ. ನೀ ಹೋಗು," ಎಂದು ಅಲ್ಲೇ ಕೂತ. ಈಗ ಅವನ ಮುಂದಿದ್ದದ್ದು ಕಮಲಾಪುರದವರ ಗೋಲು.

ಆಚೆ ಬದಿಯಲ್ಲಿ ನಾನು ಒಂದೂ ಬಿಡಲಿಲ್ಲ. ಒಮ್ಮೆ ಚೆಂಡು ಎದೆಗೆ ಬಡಿದು ಉಸಿರು ನಿಂತಂತಾಯಿತು. ಕ್ವಿಂಟಲ್ ಚೀಲ ಹೊತ್ತ ಎದೆ, ತಡೆದುಕೊಂಡಿತು. ಆಟ ಮುಗಿಯಲು ಐದು ನಿಮಿಷವಿದ್ದಾಗ ಮೂಲೆಯಿಂದ ಬಂದ ಚೆಂಡು ಇರ್ಫಾನನ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಒಂದು ಗಳಿಗೆ ನಮಗೇ ನಂಬಿಕೆ ಬರಲಿಲ್ಲ. ಆ ಮೌನದಲ್ಲಿ ಅಪ್ಪನ ದನಿ ಇಡೀ ಮೈದಾನಕ್ಕೆ ಕೇಳಿಸಿತು: "ಐದು." ಹೇಳಿದವನೇ ತಲೆಗೆ ಕೈ ಹಚ್ಚಿದ.

ನಮ್ಮವರೆಲ್ಲ ಅಪ್ಪನತ್ತ ಓಡಿದರು. ನಾನೂ ಗೋಲು ಬಿಟ್ಟು ಓಡಿದೆ. ಇರ್ಫಾನ್ ಅವನ ಮುಂದೆ ಮಂಡಿಯೂರಿ, "ಕಾಕಾ, ಇದು ನಾವ್ ಹೊಡ್ದಿದ್ದು," ಅಂದ.

ಅಪ್ಪ ನನ್ನ ಮುಖ ನೋಡಿದ. "ಖರೇನು?"

"ಖರೆ, ಯಪ್ಪಾ."

"ಹಂಗಾರ ಇದು ಬ್ಯಾರೆ ಲಾರಿ," ಎಂದು ಅಪ್ಪ ಎದ್ದು, ಟವೆಲ್ ಝಾಡಿಸಿ ತಲೆಗೆ ಸುತ್ತಿ, ಎದೆ ತುಂಬ ಉಸಿರೆಳೆದು ಕೂಗಿದ: "ಲಾಭ."

ಕಮಲಾಪುರದವರೂ ಚಪ್ಪಾಳೆ ಹೊಡೆದರು. ನಾಲ್ಕು–ಒಂದರಿಂದ ಸೋತೆವು. ಅವರ ಕ್ಯಾಪ್ಟನ್ ತಮ್ಮ ತೋಟದ ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದ. ಫೋನಿನಲ್ಲಿ ಪ್ರಿನ್ಸಿಪಾಲರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, "ಬೂಟ್ ನಿಮ್ಮತ್ರನೇ ಇರ್ಲಿ," ಅಂದರು. ಮುಂದಿನ ವರ್ಷ ಗೋಲು ಕಾಯಲೆಂದು ನನ್ನ ಕೈಗವಸು ಬಿಚ್ಚಿ, ನಮ್ಮ ತಂಡದಲ್ಲಿದ್ದ ಎರಡನೇ ವರ್ಷದ ಮಲ್ಲುವಿಗೆ ಕೊಟ್ಟೆ.

ಮರಳುವಾಗ ಬೆಳಗಿನ ಕಂಡಕ್ಟರನೇ ಸಿಕ್ಕ. ಬಸ್ಸು ಮೈದಾನ ದಾಟುವಾಗ ಅಪ್ಪ ಕಿಟಕಿ ತೆರೆದು ತನ್ನ 'ಬಾಗಿಲ'ನ್ನು ಮತ್ತೊಮ್ಮೆ ನೋಡಿದ.

"ಸಿಕ್ತೇನ್ರಿ ಗೋಲು?" ಎಂದು ಕಂಡಕ್ಟರ್ ಕೇಳಿದ.

ಇರ್ಫಾನ್ ಅವನ ಕೈಗೆ ಒಂದು ಕೆಂಪು ಬಾಳೆಹಣ್ಣು ಇಟ್ಟ. "ಸಿಕ್ತರಿ. ಹನ್ನೊಂದ್ ಮಂದಿ ಸಾಲ್ಲಿಲ್ಲ, ಕಾಕಾನೂ ಬೇಕಾದ."