ಮಾತು ನಿಲ್ಲಿಸಿದ ಆಟೋದ ಮುಂದೆ ಮುನಿಆಂಜನಪ್ಪ

ಸೋಮವಾರ, ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಗ್ಗದಾಸಪುರದ ಅಡ್ಡರಸ್ತೆಯೊಂದರಲ್ಲಿ, ತಗಡಿನ ಶೆಡ್ಡಿನ ಮುಂದೆ ನಿಂತ ಎಲೆಕ್ಟ್ರಿಕ್ ಆಟೋದ ಹಿಂದಿನ ಸೀಟು ಕಳಚಿ ಗೋಡೆಗೆ ಒರಗಿದೆ. ಸೀಟಿದ್ದ ಜಾಗದಲ್ಲಿ ಮೆಕ್ಯಾನಿಕ್ ಮುನಿಆಂಜನಪ್ಪನವರ ತಲೆಯಿದೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿರುವುದರಿಂದ ಯಾರು ಏನು ಕೇಳಿದರೂ ‘ಹ್ಞೂಂ’ ಒಂದೇ ಉತ್ತರ.

ಕೇಳುತ್ತಿರುವವರು ಆಟೋದ ಒಡತಿ ಸಾಬಮ್ಮ. ಯಾದಗಿರಿ ಕಡೆಯಿಂದ ಬಂದು ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿರುವ ಇವರು ಏಳು ಮಕ್ಕಳನ್ನು ದಿನವೂ ಇಂದಿರಾನಗರದ ಶಾಲೆಗೆ ಬಿಡುತ್ತಾರೆ. ಶುಕ್ರವಾರ ರೈಲ್ವೆ ಗೇಟು ದಾಟಿದ ಕೂಡಲೇ ಆಟೋ ನಿಂತಿತು. ಮಕ್ಕಳು ಬ್ಯಾಗು ಹೊತ್ತು ನಡೆದರು. ತಾಯಂದಿರು ಆಗಲೇ ವ್ಯಾನಿನವನ ಹತ್ತಿರ ಮಾತಾಡಿಟ್ಟಿದ್ದಾರೆ. ಇವತ್ತೂ ಹಾಗಾದರೆ ನಾಳೆಯಿಂದ ಏಳೂ ಮಕ್ಕಳು ವ್ಯಾನಿಗೆ.

“ಅಣ್ಣಾರೆ, ಹ್ಞೂಂ ಅಂದ್ರ ಸಿಕ್ತು ಅಂತೋ, ಸಿಕ್ಕಿಲ್ಲ ಅಂತೋ?”

ಟಾರ್ಚು ಬಾಯಿಂದ ಹೊರಬರುತ್ತದೆ. “ಶುಕ್ರವಾರ ಬೆಳಿಗ್ಗೆ ಸಿಕ್ತು ಅಂತ ಹೇಳಿ ಕಳ್ಸಿ ನಿನ್ನ ನಡುಬೀದಿಲಿ ನಿಲ್ಸಿದ್ದೀನಿ ಕಣಮ್ಮ. ಇವತ್ತು ಬಾಯಿ ಬಿಡಲ್ಲ.”

ಈ ಆಟೋದ ಬ್ಯಾಟರಿ ತುಂಬಿದೆ, ಮೋಟಾರು ಗಟ್ಟಿಯಿದೆ. ಮೋಟಾರು ಎಷ್ಟು ಜೋರಾಗಿ ತಿರುಗಬೇಕೆಂದು ನಿರ್ಧರಿಸುವ ಪೆಟ್ಟಿಗೆಗೆ ಕಂಟ್ರೋಲರ್ ಎಂದು ಹೆಸರು. ಅದಕ್ಕೂ ಗಾಡಿಯ ಉಳಿದ ಭಾಗಗಳಿಗೂ ನಡುವೆ, ಒಂದಕ್ಕೊಂದು ಹೆಣೆದುಕೊಂಡ ಎರಡು ತೆಳು ತಂತಿಗಳಲ್ಲಿ ಸದಾ ಮಾತುಕತೆ ನಡೆಯುತ್ತಿರಬೇಕು. ಮಾತು ಕಡಿದರೆ ಗಾಡಿ ತಾನಾಗಿ ನಿಂತುಬಿಡುತ್ತದೆ. ಸಾಬಮ್ಮ ವಿಚಾರಿಸಿದ ಸರ್ವಿಸ್ ಸೆಂಟರಿನವರು ಕಂಟ್ರೋಲರನ್ನೇ ಬದಲಿಸೋಣ, ಬರಲು ಎರಡು ಮೂರು ವಾರ ಆಗುತ್ತದೆ ಎಂದಿದ್ದಾರೆ. ಅಷ್ಟು ದಿನ ಕಾಯುವ ಮಕ್ಕಳು ಯಾವ ಶಾಲೆಯಲ್ಲೂ ಇಲ್ಲ.

ಅರವತ್ತರ ಹತ್ತಿರವಿರುವ ಮುನಿಆಂಜನಪ್ಪ ಇದೇ ಊರಿನವರು. ತಾತ ರಾಗಿ ಬೆಳೆದ ಹೊಲದ ಮೇಲೆ ಈಗ ಮೂರು ಮಹಡಿ ಎದ್ದಿದೆ; ಬಾಡಿಗೆಯಲ್ಲಿ ಮನೆ ನಡೆಯುತ್ತದೆ. ಹಾಗಾಗಿ ಇವರ ದುಡಿಮೆ ಯಾರಿಗೂ ಅರ್ಥವಾಗುವುದಿಲ್ಲ. “ಬಾಡಿಗೆಗಿರೋರು ಮೇಲೆ ಫ್ಯಾನ್ ಹಾಕ್ಕೊಂಡು ಮಲಗಿರ್ತಾರೆ, ಓನರ್ರು ಬೀದೀಲಿ ಬಿದ್ಕೊಂಡಿರ್ತಾರೆ,” ಎಂದು ಹೆಂಡತಿ ಗಂಗಲಕ್ಷ್ಮಮ್ಮ ಕಾಫಿ ಲೋಟ ಇಡುತ್ತಾ ಚುಚ್ಚುತ್ತಾರೆ.

ಬಹಳ ವರ್ಷ ಹಲಸೂರು, ಶಿವಾಜಿನಗರದ ಗಲ್ಲಿಗಳಲ್ಲಿ ಟೆಲಿಫೋನ್ ಕೇಬಲ್ ಜೋಡಿಸಿದವರು. ಆ ಕೆಲಸ ನಿಂತ ಮೇಲೆ ಆಟೋಗಳ ವೈರಿಂಗ್. ಎಲೆಕ್ಟ್ರಿಕ್ ಗಾಡಿಗಳು ಬಂದಾಗ ಏನೂ ತಿಳಿಯದೆ ಒಂದು ಕಂಟ್ರೋಲರ್ ಸುಟ್ಟರು, ಎರಡು ಗ್ಯಾರೇಜುಗಳಿಂದ ಬೈಸಿಕೊಂಡು ಹೊರಬಂದರು. ಬಿಡಲಿಲ್ಲ. ಇಂಗ್ಲಿಷ್ ವಿಡಿಯೋಗಳನ್ನು ಮಗಳು ನಿಖಿತಾ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದಳು. ಈಗ ದಿನಕ್ಕೆ ನಾಲ್ಕೈದು ಗಾಡಿ ನೋಡುತ್ತಾರೆ. ಹೊರಮಾವಿನಲ್ಲಿ ನಿಂತರೂ ಸರಿ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ನಿಂತರೂ ಸರಿ, ಸ್ಕೂಟರ್ ಹತ್ತಿ ಹೊರಡುತ್ತಾರೆ.

ಬ್ಯಾಟರಿ ಬಿಚ್ಚಿಟ್ಟು, ಆ ಎರಡು ತಂತಿಗಳ ನಡುವೆ ಮೀಟರ್ ಹಿಡಿಯುವುದು ಮೊದಲ ಪರೀಕ್ಷೆ. ಅರವತ್ತು ಓಮ್ ತೋರಿಸಿದರೆ ಸಾಲಿನ ಎರಡು ತುದಿಯೂ ಕೂಡಿಕೊಂಡಿವೆ. ನೂರಿಪ್ಪತ್ತು ತೋರಿಸಿದರೆ ನಡುವೆ ಎಲ್ಲೋ ತಂತಿ ಕಡಿದಿದೆ. ಶುಕ್ರವಾರ ಬೆಳಿಗ್ಗೆ ಸೀಟಿನ ಕೆಳಗಿನ ಪ್ಲಗ್ಗಿನಲ್ಲಿ ಹಸಿರು ಕಿಲುಬು ಕಂಡಿತ್ತು. ಉಜ್ಜಿದರು, ಅರವತ್ತು ಬಂತು, ಕಳಿಸಿದರು. ಈಗಲೂ ಅರವತ್ತೇ.

“ಮಕ್ಕಳು ಇಳಿದ್ಮೇಲೆ ಸ್ಟಾರ್ಟ್ ಆಯ್ತು ಅಂದ್ಯಲ್ಲ, ನಿಜ ತಾನೆ?”

“ಹೌದ್ರಿ. ಖಾಲಿ ಆದ ಕೂಡ್ಲೆ ಚಂದಂಗ ಓಡ್ತು. ನನ್ನ ಮಾನ ಕಳಿಯಾಕಂತೇ ನಿಂತಿತ್ತು ನೋಡ್ರಿ.”

ಭಾರದಿಂದ ಇರಬಹುದೇ? ಸೀಟು ಮತ್ತೆ ಕೂರುತ್ತದೆ. ಸಾಬಮ್ಮ, ಗಂಗಲಕ್ಷ್ಮಮ್ಮ, ಹಾಲು ತರಲು ಹೊರಟಿದ್ದ ಪಕ್ಕದ ಮನೆಯ ದಂಪತಿ, ಎಲ್ಲರನ್ನೂ ಹತ್ತಿಸಿ ಕುಣಿಯಲು ಹೇಳುತ್ತಾರೆ. ಆಟೋ ಕಿರುಗುಟ್ಟುತ್ತದೆ. ಮೀಟರ್ ಅಲುಗುವುದಿಲ್ಲ. ಎದುರು ಮನೆಗಳಲ್ಲಿ ಕುಕ್ಕರ್ ಕೂಗಲು ಶುರುವಾಗಿದೆ. ಮಕ್ಕಳ ಡಬ್ಬಿ ತಯಾರಾಗುವ ಹೊತ್ತು. ಸಾಬಮ್ಮ ಫೋನ್ ತೆಗೆದು ನೋಡಿ ಒಳಗಿಡುತ್ತಾರೆ.

“ದೊಡ್ಡೋರು ಕೂತ್ರೆ ಸುಮ್ನಿರುತ್ತೆ, ಮಕ್ಕಳು ಕೂತ್ರೆ ನಿಲ್ಲುತ್ತೆ,” ಮುನಿಆಂಜನಪ್ಪ ನೆಲದ ಮೇಲೆ ಕೂರುತ್ತಾರೆ. “ಮಕ್ಕಳ ಹತ್ರ ಇರೋದು, ನಮ್ಮತ್ರ ಇಲ್ದಿರೋದು ಏನು?”

“ಬುದ್ಧಿ,” ಎನ್ನುತ್ತಾರೆ ಆಟೋದೊಳಗಿಂದ ಗಂಗಲಕ್ಷ್ಮಮ್ಮ.

ಸಾಬಮ್ಮ ನಗುವುದಿಲ್ಲ. “ಬ್ಯಾಗು,” ಎನ್ನುತ್ತಾರೆ ಮೆಲ್ಲಗೆ. “ಬ್ಯಾಗು ಅದಾವ್ರಿ ಅಣ್ಣಾರೆ.”

ಊರಿನ ಎಲ್ಲ ಶಾಲಾ ಆಟೋಗಳಂತೆ ಇದರ ಪಕ್ಕದಲ್ಲೂ ಬ್ಯಾಗು ನೇತುಹಾಕಲು ಕೊಕ್ಕೆಗಳ ಕಬ್ಬಿಣದ ಕಂಬಿಯಿದೆ. ಗಾಡಿ ಕೊಂಡ ಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಹಾಕಿಸಿದ್ದು. ರಾಗಿಹಿಟ್ಟಿನ ಚೀಲ, ನೀರು ತುಂಬಿದ ಕ್ಯಾನು, ಸ್ಪ್ಯಾನರ್‌ಗಳ ಚೀಲ ಒಂದೊಂದಾಗಿ ಕೊಕ್ಕೆಗೇರುತ್ತವೆ. ಕಂಬಿ ತುಸು ಜಗ್ಗುತ್ತದೆ. ಮೀಟರಿನ ಅಂಕಿ ನಡುಗಿ, ನೂರಿಪ್ಪತ್ತಕ್ಕೆ ಹಾರುತ್ತದೆ. ಕ್ಯಾನು ಇಳಿಸಿದರೆ ಅರವತ್ತು. ಏರಿಸಿದರೆ ನೂರಿಪ್ಪತ್ತು.

“ಏರ್ಸು. ಇಳ್ಸು. ಇನ್ನೊಂದ್ಸಲ ಏರ್ಸು,” ಎನ್ನುವ ಅವರ ದನಿ ಈಗ ಬೇರೆಯೇ.

ಕಂಬಿ ಹಿಡಿದಿದ್ದ ಉದ್ದದ ಸ್ಕ್ರೂ ತಗಡನ್ನು ದಾಟಿ ಒಳಗಿನ ವೈರುಗಳ ಕಂತೆಗೆ ಚುಚ್ಚಿದೆ. ಹೆಣೆದ ಜೋಡಿಯಲ್ಲಿ ಒಂದು ತಂತಿಯ ತಾಮ್ರ ಒಳಗೇ ಕಡಿದಿದೆ. ಕಂಬಿ ಹಗುರವಾಗಿದ್ದಾಗ ತುದಿಗಳು ತಾಕುತ್ತವೆ, ಭಾರ ಬಿದ್ದಾಗ ಬಿಡುತ್ತವೆ. ಕೆಟ್ಟ ತುಂಡು ಕತ್ತರಿಸಿ, ಬೆಸುಗೆ ಹಾಕಿ, ತಂತಿಗಳನ್ನು ಮೊದಲಿನಂತೆ ಹೆಣೆದು ಟೇಪು ಸುತ್ತುತ್ತಾರೆ. ಗಿಡ್ಡ ಸ್ಕ್ರೂ ಹಾಕುತ್ತಾರೆ. ಕೊನೆಗೆ ಕಂಬಿಗೆ ತಾವೇ ಜೋತುಬಿದ್ದು ನೋಡುತ್ತಾರೆ. ಅರವತ್ತು.

“ಹೋಗ್ಲೇನ್ರಿ?”

“ನಡಿ, ನಾನೂ ಬರ್ತೀನಿ.”

ಏಳು ಮಕ್ಕಳ ನಡುವೆ ಮುನಿಆಂಜನಪ್ಪ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕೂತಿದ್ದಾರೆ. ಏಳು ಬ್ಯಾಗು ಹೊರಗೆ ತೂಗುತ್ತಿವೆ. ರೈಲ್ವೆ ಗೇಟಿನ ಉಬ್ಬಿಗೆ ಆಟೋ ಎಗರುತ್ತದೆ. ಆಟೋ ನಿಲ್ಲುವುದಿಲ್ಲ. ಇಂದಿರಾನಗರದ ಗೇಟಿನ ಮುಂದೆ ಮಕ್ಕಳು ಇಳಿದು ಓಡುವಾಗ ಒಬ್ಬ ತಾಯಿಯ ಫೋನು. ಬಿಟ್ಟಾಯಿತೆಂದು ಹೇಳಿ, ಆ ಕಡೆಯ ಮಾತು ಕೇಳಿ, ಸಾಬಮ್ಮ ಹೇಳುತ್ತಾರೆ: “ನಾಳೀನೂ ಇದೇ ಹೊತ್ತಿಗೇ ಬರ್ತೀನ್ರಿ ಮೇಡಂ.”

ಮುನಿಆಂಜನಪ್ಪ ಅಲ್ಲಿಲ್ಲ. ಪಕ್ಕದಲ್ಲಿ ನಿಂತ ಇನ್ನೊಂದು ಶಾಲಾ ಆಟೋದ ಕಂಬಿಯನ್ನು ಜಗ್ಗಿ ನೋಡುತ್ತಿದ್ದಾರೆ.

“ಏನ್ ಗುರು, ನನ್ ಗಾಡಿ ನೆಟ್ಟಗಿದೆ!” ಡ್ರೈವರ್ ರೇಗುತ್ತಾನೆ.

“ಗೊತ್ತಪ್ಪ. ಇಷ್ಟು ವರ್ಷ ನಿಂತೋಗಿರೋ ಗಾಡಿನೇ ನೋಡಿದ್ದೀನಿ. ನಿಲ್ಲೋಕ್ ಮುಂಚೆ ಒಂದನ್ನಾದ್ರೂ ಹಿಡೀಬೇಕು ಅಂತ ಆಸೆ. ಸ್ವಲ್ಪ ಸೀಟ್ ಎತ್ತು.”